ನಲವತ್ತು ನಿಮಿಷ

ಪಕ್ಕದ ಮೇಜಿನ ಕಂಪ್ಯೂಟರಿನ ಫ್ಯಾನು ಗುಂಯ್ ಎಂದು ಏರಿದ್ದೇ ಲಿನ್ಸಿಯ ಬೆರಳುಗಳು ನಿಂತವು. ಅಲ್ಲಿ ಕೂತ ಪ್ರಜೀಶ್ ಕೋಡಿನ ಒಂದು ಬ್ರಾಂಚಿನ, ಅಂದರೆ ಒಂದು ಪ್ರತಿಯ, ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗಿದ್ದ. ಇನ್ನು ಕಂಪ್ಯೂಟರು ಇಡೀ ಪ್ರೋಗ್ರಾಮನ್ನು ಮೊದಲಿನಿಂದ ಕಟ್ಟಬೇಕು, ಬಿಲ್ಡ್ ಮಾಡಬೇಕು; ಅದು ಮುಗಿಯುವ ನಲವತ್ತು ನಿಮಿಷ ಅವನಿಗೆ ಕೆಲಸವಿಲ್ಲ.

"ಏಳ್ರೋ, ಟೀ ಅಂಗಡೀಲಿ ಪಳಂಪೊರಿ ಖಾಲಿಯಾಗುತ್ತೆ!" ಎಂದು ಅವನು ಬಿಸಿ ಬಾಳೆಹಣ್ಣಿನ ಬಜ್ಜಿ ನೆನೆದು ಎದ್ದ.

"ಲಿನ್ಸೀನೂ ಕರಿಯೋ," ಎಂದಳು ಎದುರು ಮೇಜಿನ, ಅವನಿಗಿಂತ ಹಿರಿಯಳಾದ ಶೈನಿ.

"ಅವಳು ಜಾಣೆ ಚೇಚೀ, ಬ್ರಾಂಚಿಗೊಂದು ಫೋಲ್ಡರ್ ಇಟ್ಕೊಂಡಿದಾಳೆ. ಬಿಲ್ಡಿಗೆ ಕಾಯೋರು ನಮ್ಮಂಥ ದಡ್ಡರು." ಅವನು ಲಿನ್ಸಿಯತ್ತ ತಿರುಗಿ, "ನೀನು ಕೆಲ್ಸ ಮಾಡ್ಕೊ ಮೋಳೇ," ಎಂದು ಕಿರಿಯಳಿಗೆ ಹೇಳುವಂತೆ ಹೇಳಿದ.

ಲಿನ್ಸಿ ನಕ್ಕಳು. ಸೇರಿದ ವಾರವೇ ಮಾಡಿಕೊಂಡ ಏರ್ಪಾಡು ಅದು. ಒಂದು ಫೋಲ್ಡರನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತಿರಲಿಲ್ಲ, ಹಾಗಾಗಿ ಯಾವುದನ್ನೂ ಮೊದಲಿನಿಂದ ಬಿಲ್ಡ್ ಮಾಡಬೇಕಿರಲಿಲ್ಲ. ಮೂರು ತಿಂಗಳಲ್ಲಿ ಅವಳು ಬಿಲ್ಡಿಗಾಗಿ ಒಮ್ಮೆಯೂ ಕಾದಿರಲಿಲ್ಲ, ಅವರ ಜೊತೆ ಒಮ್ಮೆಯೂ ಚಹಾ ಕುಡಿದಿರಲಿಲ್ಲ.

ಅವರು ಬಾಗಿಲು ತಲುಪುವಷ್ಟರಲ್ಲಿ ಅವಳು, ತೆರೆದಿದ್ದ ಫೋಲ್ಡರಿನಲ್ಲೇ, ಒಂದು ವರ್ಷದಷ್ಟು ಹಳೆಯ ಬ್ರಾಂಚಿಗೆ ಹೋಗಿ ಬಿಲ್ಡ್ ಒತ್ತಿದಳು. ಇನ್ನು ಅವಳದೂ ಮೊದಲಿನಿಂದ ಬಿಲ್ಡ್ ಆಗಬೇಕು. ಅವಳ ಮೇಜಿನಡಿಯ ಕಂಪ್ಯೂಟರಿನ ಫ್ಯಾನು ಮೊದಲ ಸಲ ಗುಂಯ್ ಎಂದಿತು.

ಪ್ರಜೀಶ್ ತಿರುಗಿದ. ಅವನ ಮುಖ ಅರಳಿತು. "ಅಯ್ಯೋ, ನಿಂದೂ ಹೋಯ್ತಾ? ಏನ್ ಮಾಡ್ದೆ?"

"ಗೊತ್ತಿಲ್ಲ ಚೇಟ್ಟಾ, ಕೈತಪ್ಪಿ ಆಯ್ತು."

"ಬಾ ಬಾ, ದಡ್ಡರ ಗುಂಪಿಗೆ ಸೇರ್ಕೊ."

ಮೇಜಿನಡಿಯ ಚಪ್ಪಲಿಯನ್ನು ಕಾಲಿನಿಂದ ಹುಡುಕುತ್ತಾ, ಕೈತಪ್ಪಿದ್ದಲ್ಲವೆಂದು ಯಾರಿಗೂ ಹೇಳಬಾರದೆಂದು ಲಿನ್ಸಿ ನಿಶ್ಚಯಿಸಿದಳು.