ವಿತ್‌ಡ್ರಾ

ನೀಲವ್ವನ ಗಂಡ ಪ್ರಜ್ಞೆಯಿಲ್ಲದೆ ಉಸಿರಾಟದ ಯಂತ್ರದ ಮೇಲಿದ್ದ. ಕನ್ನಡ ಬಾರದ ಡಾಕ್ಟರು ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವಳ ಕಿವಿಗೆ ಬಿದ್ದದ್ದು ‘ವಿತ್‌ಡ್ರಾ’ ಎಂಬ ಒಂದೇ ಶಬ್ದ. ಇಂಗ್ಲಿಷ್ ಮಾಸ್ತರನಾಗಿದ್ದ ಮೈದುನನ ಕಡೆ ತಿರುಗಿದಳು.

“ಹಂಗಂದ್ರೇನು, ಗುರುಸಿದ್ಧಪ್ಪಾ? ಬ್ಯಾಂಕಿನ್ಯಾಗ ಅಂತಾರಲ್ಲ, ಅದನ?”

“ಅದರೀ ವೈನಿ. ಹಳೇ ಇಂಗ್ಲಿಷಿನ್ಯಾಗ ‘ವಿತ್’ ಅಂದ್ರ ಹಿಂದಕ್ಕ ಅಂತನೂ ಇತ್ತು. ‘ಡ್ರಾ’ ಅಂದ್ರ ಎಳಿಯೂದು. ಹಿಂದಕ್ಕ ಎಳಕೊಳ್ಳೂದು.”

“ಯಮನ ಕೈಯಾಗಿಂದ?”

ಮಾಸ್ತರ ಕಿಟಕಿಯ ಕಡೆ ನೋಡಿದ. “ಹಂಗ ತಿಳಕೊಳ್ರಿ.”

ನೀಲವ್ವನ ಕಣ್ಣು ತುಂಬಿ ಬಂದವು. ಡಾಕ್ಟರಿಗೆ ಎರಡೂ ಕೈ ಮುಗಿದು, “ಮಾಡ್ರಿ ಸಾಹೇಬ್ರ, ಈಗಿಂದೀಗ ಮಾಡ್ರಿ!” ಅಂದಳು.

ಮಾಸ್ತರ ಡಾಕ್ಟರಿಗೆ ಮೆಲ್ಲಗೆ “ಯೆಸ್” ಎಂದ.

ನರ್ಸು ಯಂತ್ರ ನಿಲ್ಲಿಸಿ, ನೀಲವ್ವನ ಗಂಡನ ಗಂಟಲಿನಿಂದ ಉಸಿರಿನ ಕೊಳವೆಯನ್ನು ಹೊರಗೆ ತೆಗೆದಳು.