ಎಂಟು ಆವರ್ತನ ಮೌನ

“ಈ ಅಕ್ಷರ ನಿಮ್ಮದೇ ಅಲ್ವೇನ್ರೀ?”

ಗುರುಪ್ರಕಾಶ್ ಸ್ವರಲಿಪಿಯ ಜೆರಾಕ್ಸ್ ಹಾಳೆಯನ್ನು ಎತ್ತಿ ಹಿಡಿದಿದ್ದರು. ಸೊರಬದ ಸಭಾಂಗಣದಲ್ಲಿ ಕೂತಿದ್ದ ಮುನ್ನೂರು ಜನ ಒಮ್ಮೆಲೇ ಕೈನಾತ್‌ಳ ಕಡೆ ನೋಡಿದರು.

“ನಂದೇ,” ಎಂದಳು ಕೈನಾತ್.

“ನಲವತ್ತೆರಡು ಪುಟ. ಉಜ್ಜಪ್ಪನವರ ಕೈಬರಹ ಒಂದು ಗೆರೆಯೂ ಇಲ್ಲ. ಯಾಕೆ?”

ಬೆಳಿಗ್ಗೆ ಹತ್ತಕ್ಕೆ ಶುರುವಾದಾಗ ಇದು ಬರೀ ಚರ್ಚೆಯಾಗಿತ್ತು.

ತಾಳಗುಂದದ ಉಜ್ಜಪ್ಪ ಎಂದರೆ ಹಿಂದೂಸ್ತಾನಿ ಸಂಗೀತದಲ್ಲಿ ದೊಡ್ಡ ಹೆಸರು. ಅವರು ಕಟ್ಟಿದ ಬಂದಿಶ್‌ಗಳನ್ನು ಹಾಡದ ಗಾಯಕರು ಕಡಿಮೆ. ನಾಲ್ಕು ವರ್ಷ ಹೊಸದೇನನ್ನೂ ಕೊಡದೆ ಇದ್ದವರು ಹೋದ ತಿಂಗಳು ವಾದ್ಯವೃಂದಕ್ಕೆಂದು, ಶಿಕಾರಿಪುರದ ಹೊಳೆಯ ಹೆಸರಿಟ್ಟು, ‘ಕುಮುದ್ವತಿ’ ಎಂಬ ಒಂದು ಗಂಟೆಯ ಕೃತಿಯನ್ನು ಹೊರತಂದರು. ಕೇಳಿದವರು ಎರಡು ಪಾಲಾದರು. ಅದಕ್ಕೆ ಕಾರಣ ಅದರೊಳಗಿನ ಮೌನ. ಸ್ವರಗಳು ಏರುತ್ತ ಏರುತ್ತ ಷಡ್ಜಕ್ಕೆ ಇನ್ನೊಂದೇ ಮೆಟ್ಟಿಲಿದೆ ಎನ್ನುವಾಗ ಎಲ್ಲ ವಾದ್ಯಗಳೂ ನಿಂತುಬಿಡುತ್ತವೆ. ಒಮ್ಮೆ ತಾಳದ ಎಂಟು ಸುತ್ತು, ಅಂದರೆ ಎಂಟು ಆವರ್ತನ, ಇನ್ನೊಮ್ಮೆ ಹನ್ನೊಂದು. ತಬಲಾದವನೂ ಕೈ ಕಟ್ಟಿ ಕೂತಿರಬೇಕು. ಆಮೇಲೆ ಏನೂ ಆಗಿಲ್ಲವೆಂಬಂತೆ ಮೊದಲ ಸಾಲೇ ಮತ್ತೆ ಶುರುವಾಗುತ್ತದೆ.

“ಅದು ಬೇಸಿಗೇಲಿ ಬತ್ತಿದ ಹೊಳೆ ಮಾರಾಯ್ರೆ,” ಎಂದಿದ್ದರು ಸೊರಬದ ನಿವೃತ್ತ ಹೆಡ್‌ಮಾಸ್ತರು ಪುಟ್ಟಪ್ಪ. ಸಭೆ ಕರೆದು, ಮೊದಲಿಗೆ ಕೃತಿಯ ಧ್ವನಿಮುದ್ರಣ ಕೇಳಿಸಿದವರೂ ಅವರೇ. “ನೀರಿಲ್ಲದಿದ್ರೆ ಹೊಳೆ ಅಲ್ಲ ಅಂತೀರಾ?”

“ಬತ್ತಿರೋದು ಹೊಳೆ ಅಲ್ರೀ, ಸರಕು,” ಎಂದು ಶಿಕಾರಿಪುರದ ಕಾಲೇಜು ಮೇಷ್ಟ್ರು ಗುರುಪ್ರಕಾಶ್ ತಿರುಗಿಬಿದ್ದಿದ್ದರು. ಅರ್ಧ ಸಭೆ ಚಪ್ಪಾಳೆ ತಟ್ಟಿತ್ತು. ಇನ್ನರ್ಧ ಛೇ ಎಂದಿತ್ತು.

ವೇದಿಕೆಯ ಮೇಲೆ ಇಬ್ಬರ ನಡುವಿನ ಕುರ್ಚಿಯಲ್ಲಿ ಕೈನಾತ್ ಮುದುರಿ ಕೂತಿದ್ದಳು. ಎದುರಿಗೇ, ಮೊದಲ ಸಾಲಿನಲ್ಲಿ, ಬಿಳಿ ಶಲ್ಯ ಹೊದ್ದ ಉಜ್ಜಪ್ಪ. ಹೊಗಳಿದರೂ ಮುಗುಳ್ನಗೆ, ತೆಗಳಿದರೂ ಅದೇ ಮುಗುಳ್ನಗೆ. “ಎಂಥ ಸ್ಥಿತಪ್ರಜ್ಞರು ನೋಡಿ,” ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಪಕ್ಕದಲ್ಲಿದ್ದ ಪತ್ನಿ ನೀಲಾಂಬಿಕ ಗಂಡನ ಮಣಿಕಟ್ಟನ್ನು ಬಿಟ್ಟಿರಲಿಲ್ಲ. ಅವರ ಕಣ್ಣು ಮಾತ್ರ ಕೈನಾತ್‌ಳ ಮೇಲಿತ್ತು. ಬೇಡ ಎನ್ನುತ್ತಿತ್ತು ಆ ಕಣ್ಣು.

ಶಿಕಾರಿಪುರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಮುನೀರ್ ಅಹ್ಮದರ ಮಗಳು ಅವಳು. ಹದಿನೆಂಟು ವರ್ಷ ಉಜ್ಜಪ್ಪನವರ ಎದುರು ಕೂತು ಕಲಿತವಳು. ‘ಕುಮುದ್ವತಿ’ ಹುಟ್ಟಿದ ಎರಡು ವರ್ಷ ಅವರ ಕೋಣೆಯಲ್ಲಿ ಇದ್ದದ್ದು ಗುರು ಮತ್ತು ಅವಳು, ಇಬ್ಬರೇ. ಅವರು ಹಾಡಿದಂತೆ ಅವಳು ಬರೆದಳು, ಅವರು ನಿಂತಾಗ ತಾಳ ಹಾಕುತ್ತ ಕಾದಳು. ಕೊನೆಯ ಪುಟ ಮುಗಿದ ದಿನ ನೀಲಾಂಬಿಕ ಅವಳಿಂದ ಆಣೆ ಹಾಕಿಸಿಕೊಂಡಿದ್ದರು. “ಈ ಕೋಣೆ ಒಳಗೆ ಆಗಿದ್ದು ನಿಮ್ಮಪ್ಪನ ಹತ್ರಾನೂ ಹೇಳಬ್ಯಾಡವ್ವ.” ಅವಳು ಹೇಳಿರಲಿಲ್ಲ.

“ನಾನು ಉಜ್ಜಪ್ಪನವರನ್ನ ಕೇಳ್ತಾ ಬೆಳೆದವನು,” ಎಂದರು ಗುರುಪ್ರಕಾಶ್. “ಅವರು ಹೀಗೆ ಬರೆಯಲ್ಲ. ನೀವು ಬರೆದು ಅವರ ಹೆಸರು ಹಾಕಿದೀರಿ. ಅಲ್ಲ ಅಂದ್ರೆ ಗುರುಗಳೇ ಮೇಲೆ ಬರ್ಲಿ. ಎಂಟೇ ಆವರ್ತನ ಯಾಕೆ? ಒಂದೇ ಒಂದು ಮಾತು ಹೇಳ್ಲಿ, ನಾನು ಇಲ್ಲೇ ಕಾಲಿಗೆ ಬೀಳ್ತೀನಿ.”

“ಹೇಳ್ಲಿ, ಹೇಳ್ಲಿ,” ಎಂದಿತು ಸಭೆ. ಗೆದ್ದೆವೆಂಬ ಹುಮ್ಮಸ್ಸಿನಲ್ಲಿ ಪುಟ್ಟಪ್ಪನೂ ಎದ್ದು, “ಬರ್ಬೇಕು ಗುರುಗಳು, ಅದಕ್ಕೇನಂತೆ?” ಎಂದು ಮೈಕನ್ನು ಮೊದಲ ಸಾಲಿನತ್ತ ಚಾಚಿದರು.

ನೀಲಾಂಬಿಕರ ಮುಖ ಬಿಳಿಚಿಕೊಂಡಿತು. ಕೈನಾತ್ ಬಾಗಿಲ ಕಡೆ ನೋಡಿದಳು. ಅಲ್ಲಿಯೂ ಜನ ಕಿಕ್ಕಿರಿದು ನಿಂತಿದ್ದರು. ಸುಮ್ಮನಿದ್ದರೆ ಗುರುಗಳನ್ನು ವೇದಿಕೆ ಹತ್ತಿಸುತ್ತಾರೆ. ಬಾಯಿ ಬಿಟ್ಟರೆ ಆಣೆ ಮುರಿಯುತ್ತದೆ. ಅವಳು ಎದ್ದವಳೇ ಮೈಕನ್ನು ಕಸಿದುಕೊಂಡಳು.

“ಅವರನ್ನ ಕರೀಬೇಡಿ. ಆ ಮೌನ ಗುರುಗಳು ಹೇಳಿಕೊಟ್ಟಿದ್ದಲ್ಲ. ಅಷ್ಟೂ ಆವರ್ತನ ನಾನೇ ಎಣಿಸಿ ಬರೆದಿದ್ದು. ತಪ್ಪಿದ್ರೆ ನಂದು.”

ಸಭೆ ಭುಗಿಲೆದ್ದಿತು. ಕುರ್ಚಿಗಳು ಸರಿದವು. “ಇಳಿಸ್ರೀ ಅವಳನ್ನ!” ಎಂದು ಯಾರೋ ಕೂಗಿದರು.

“ನಾನು ಆ ಮೌನದ ಪರ ಊರೆಲ್ಲ ಜಗಳ ಆಡಿದೆನಲ್ಲೇ ತಂಗಿ,” ಎಂದು ಪುಟ್ಟಪ್ಪ ಕುಸಿದು ಕೂತರು.

ಗುರುಪ್ರಕಾಶ್ ಬೀಗಲಿಲ್ಲ. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, “ಸದ್ಯ, ಅವರ ಹೆಸರು ಉಳೀತು,” ಎಂದರು.

ಕೈನಾತ್ ತಲೆ ಎತ್ತಲಿಲ್ಲ. ಬೈಗುಳ ಮೈಮೇಲೆ ಬೀಳುತ್ತಿದ್ದರೂ ಒಳಗೆಲ್ಲೋ ಸ್ವಲ್ಪ ಹಗುರವಾಯಿತು. ಇನ್ನು ಯಾರೂ ಅವರನ್ನು ಏನೂ ಕೇಳುವುದಿಲ್ಲ.

ಇದ್ದಕ್ಕಿದ್ದಂತೆ ಸದ್ದಡಗಿತು. ಉಜ್ಜಪ್ಪ ಎದ್ದು ನಿಂತಿದ್ದರು.

ನೀಲಾಂಬಿಕ ಶಲ್ಯದ ಸೆರಗು ಹಿಡಿದೆಳೆದರು. ಶಲ್ಯ ಅವರ ಕೈಯಲ್ಲೇ ಉಳಿಯಿತು. ಉಜ್ಜಪ್ಪ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದರು. ದ್ರೋಹ ಮಾಡಿದ ಶಿಷ್ಯೆಗೆ ಗುರು ಏನನ್ನುತ್ತಾರೋ ಎಂದು ಮುನ್ನೂರು ಜನ ಕತ್ತು ಚಾಚಿದರು. ಅವರು ಕೈನಾತ್‌ಳ ಮುಂದೆ ನಿಂತರು. ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯ ಮೇಲೆ ಕೈಯಿಟ್ಟರು. ಅವಳ ಕೈಯಲ್ಲಿದ್ದ ಮೈಕು ಅವರ ಮಾತನ್ನು ಸಭೆಗೆಲ್ಲ ಕೇಳಿಸಿತು.

“ಬಾಳ ಚೆನ್ನಾಗೈತಮ್ಮ, ಯಾರು ಕಟ್ಟಿದ್ದು ಇದನ್ನ? ನಮ್ಮನೀಗೆ ಕೈನಾತ್ ಅಂತ ಒಂದು ಸಣ್ಣ ಹುಡುಗಿ ಪಾಠಕ್ಕೆ ಬರ್ತೈತಿ, ಅದಕ್ಕೂ ಒಂದ್ಸಲ ಹೇಳಿಕೊಡು.”