ಅಪ್ಪನ ಹೆಬ್ಬೆರಳು

ಪಾಲಿಶಿನ ಹಸಿರು ಮುದ್ದೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಇಚಲಕರಂಜಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕೊಲ್ಹಾಪುರದ ದೊಡ್ಡ ಅಂಗಡಿಯವರು ಗೀರು ಬಿದ್ದ ದುಬಾರಿ ವಾಚುಗಳನ್ನು ಪಾಲಿಶಿಗೆಂದು ಅಪ್ಪನಿಗೆ ಕಳಿಸುತ್ತಿದ್ದರು. ಅಪ್ಪ ಅವಕ್ಕೆ ಯಂತ್ರ ಮುಟ್ಟಿಸುತ್ತಿರಲಿಲ್ಲ. "ಮಷೀನಿಗೆ ಹಿಡದ್ರ ಅಂಚು ಮೊಂಡ ಆಗ್ತದವಾ" ಎನ್ನುತ್ತಿದ್ದ. ಹೆಬ್ಬೆರಳಿಗೆ ಮುದ್ದೆ ಹಚ್ಚಿಕೊಂಡು ದಿನಗಟ್ಟಲೆ ತಿಕ್ಕುತ್ತಿದ್ದ. ಪಕ್ಕದ ಮಗ್ಗದವರು ಕೊಟ್ಟ ಚಿಂದಿಯಿಂದ ಒರೆಸಿ ನೋಡಿ, ತಲೆಯಲ್ಲಾಡಿಸಿ, ಮತ್ತೆ ತಿಕ್ಕುತ್ತಿದ್ದ. ನೋಡುತ್ತ ಕುಳಿತ ನನಗೇ ಸುಸ್ತಾಗುತ್ತಿತ್ತು.

ಆ ದಿನ ಆಧಾರ್ ಕಾರ್ಡಿಗಾಗಿ ನಮ್ಮ ಶಾಲೆಯಲ್ಲಿ ಸಾಲಿನಲ್ಲಿ ನಿಂತಿದ್ದೆವು. ನನ್ನ ಬೆರಳಚ್ಚು ಒಂದೇ ಸಲಕ್ಕೆ ಬಂತು. ಅಪ್ಪನದು ಬರಲಿಲ್ಲ.

"ಹಾತ್ ಧುವೂನ್ ಯಾ, ಕಾಕಾ" ಎಂದ ಯಂತ್ರದ ಮುಂದೆ ಕುಳಿತವನು, ಮರಾಠಿಯಲ್ಲಿ.

ಅಪ್ಪ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು ಬಂದ. ಹಾಗೆ ಮೂರು ಸಲ ತೊಳೆದ. ಹಿಂದೆ ನಿಂತವರು ಗೊಣಗತೊಡಗಿದರು. ಕೊನೆಗೆ ಯಂತ್ರದವನು ಅಪ್ಪನ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ದಿನ ಬರಲು ಹೇಳಿ ಕಳಿಸಿದ.

ಮನೆಗೆ ಬಂದ ಅಪ್ಪ ಊಟ ಬೇಡವೆಂದು ಕಿಟಕಿಯ ಬಳಿ ಕುಳಿತ. ಗೀರು ಹುಡುಕುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಹೆಬ್ಬೆರಳನ್ನು ವಾಚಿನ ಹಾಗೆ ಅತ್ತಿತ್ತ ಹೊರಳಿಸಿ ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ಕರೆದು ಭೂತಗನ್ನಡಿಯನ್ನು ನನ್ನ ಕಣ್ಣಿಗಿಟ್ಟು, ಹೆಬ್ಬೆರಳನ್ನು ಮುಂದೆ ಹಿಡಿದ.

"ನೋಡವಾ, ಒಂದು ಗೆರಿನೂ ಉಳದಿಲ್ಲ. ಭಾಳ ಚಲೋ ಪಾಲಿಶ್ ಆಗೇದ."

ಮತ್ತೆ ಅದೇ ಬೆರಳಿಗೆ ಮುದ್ದೆ ಹಚ್ಚಿಕೊಂಡು, ಅರ್ಧಕ್ಕೆ ಬಿಟ್ಟಿದ್ದ ವಾಚನ್ನು ಎತ್ತಿಕೊಂಡ.